ಸೊಂಟ ನೋವಿಗೆ ಫಿಸಿಯೋ ಅಂದ್ರೆ ಬರೀ ಕರೆಂಟ್ ಇಡಿಸಿಕೊಳ್ಳೋದಲ್ಲ

ಸೊಂಟ ನೋವಿಗೆ ಫಿಸಿಯೋಥೆರಪಿ ಮಾಡಿಸಿ ಅಂತ ಡಾಕ್ಟರ್ ಬರೆದುಕೊಟ್ಟ ತಕ್ಷಣ ಬಹಳ ಜನ ಅಂದುಕೊಳ್ಳುವುದು ಒಂದೇ. ಮಂಚದ ಮೇಲೆ ಬೋರಲು ಮಲಗಬೇಕು. ಸೊಂಟಕ್ಕೆ ಪ್ಯಾಡ್ ಅಂಟಿಸಿ ಕರೆಂಟ್ ಇಡುತ್ತಾರೆ, ಮೇಲೆ ಒಂದಿಷ್ಟು ಶಾಖ ಕೊಡುತ್ತಾರೆ, ಹತ್ತು ದಿನ ಹೀಗೆ ಹೋಗಿ ಬಂದರೆ ಸರಿಹೋಗುತ್ತದೆ. ಹೋಗಿ ಬಂದ ಮೇಲೂ ನೋವು ಹಾಗೇ ಇದ್ದರೆ ‘ಫಿಸಿಯೋನೂ ಮಾಡಿಸಿದೆ, ಏನೂ ಪ್ರಯೋಜನ ಆಗಲಿಲ್ಲ’ ಅನ್ನುವ ತೀರ್ಮಾನ. ನನಗೆ ಬೇಜಾರಾಗುವುದು ಇಲ್ಲೇ. ಅವರಿಗೆ ಸಿಕ್ಕಿದ್ದು ಫಿಸಿಯೋಥೆರಪಿಯ ತೀರಾ ಸಣ್ಣ ಭಾಗ, ಅದೂ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಪುರಾವೆ ಅತಿ ಕಡಿಮೆ ಇರುವ ಭಾಗ. ನಿಜವಾದ ಚಿಕಿತ್ಸೆ ಇರುವುದು ಸೊಂಟವನ್ನು ಮತ್ತೆ ಕೆಲಸಕ್ಕೆ ಹಚ್ಚುವುದರಲ್ಲಿ: ಯಾವ ಚಲನೆ, ಎಷ್ಟು, ಯಾವಾಗ ಹೆಚ್ಚಿಸಬೇಕು, ಯಾವಾಗ ಕಡಿಮೆ ಮಾಡಬೇಕು ಅಂತ ನಿಮ್ಮ ಜೊತೆ ಕೂತು ಲೆಕ್ಕ ಹಾಕುವುದರಲ್ಲಿ.

ಇದು ಸಣ್ಣ ಸಮಸ್ಯೆ ಅಲ್ಲ. 2020ರಲ್ಲಿ ಜಗತ್ತಿನಲ್ಲಿ ಸುಮಾರು 61.9 ಕೋಟಿ ಜನರಿಗೆ ಸೊಂಟ ನೋವು ಇತ್ತು, 2050ರ ಹೊತ್ತಿಗೆ ಅದು 84.3 ಕೋಟಿ ಆಗಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನನಿತ್ಯದ ಕೆಲಸ ಮಾಡಲಾಗದ ಹಾಗೆ ಜನರನ್ನು ಕೂರಿಸುವ ಕಾರಣಗಳಲ್ಲಿ ಜಗತ್ತಿನಲ್ಲೇ ಮೊದಲನೆಯದು ಇದು.

ಮೊದಲು ಕೇಳಬೇಕು, ಆಮೇಲೆ ಮುಟ್ಟಬೇಕು

ಒಳ್ಳೆಯ ಫಿಸಿಯೋಥೆರಪಿಸ್ಟ್ ಮೊದಲ ದಿನ ಮೆಷಿನ್ ಹತ್ತಿರ ಹೋಗುವುದೇ ಇಲ್ಲ. ಪ್ರಶ್ನೆ ಕೇಳುತ್ತಾರೆ. ನೋವು ಯಾವಾಗ ಶುರುವಾಯ್ತು, ಕಾಲಿಗೆ ಇಳಿಯುತ್ತಾ, ಮಂಡಿ ದಾಟುತ್ತಾ, ಕೂತರೆ ಜಾಸ್ತಿಯೋ ನಿಂತರೆ ಜಾಸ್ತಿಯೋ, ಬೆಳಿಗ್ಗೆ ಹೇಗಿರುತ್ತದೆ, ನಿದ್ದೆ ಬರುತ್ತಾ, ನೋವಿನಿಂದ ಯಾವ ಕೆಲಸ ಬಿಟ್ಟಿದ್ದೀರಿ. ಈ ಪ್ರಶ್ನೆಗಳ ಹಿಂದೆ ಒಂದು ವಿಂಗಡಣೆ ಇದೆ.

ಮೊದಲ ಗುಂಪು ಬಹಳ ಅಪರೂಪದ್ದು, ಆದರೆ ತಪ್ಪಿಸಿಕೊಳ್ಳಬಾರದು. ಮೂತ್ರ ಕಟ್ಟಿಕೊಳ್ಳುವುದು ಅಥವಾ ಮಲ, ಮೂತ್ರ ಹಿಡಿತ ತಪ್ಪುವುದು, ಗುದದ್ವಾರ ಮತ್ತು ತೊಡೆಸಂದಿಯ ಸುತ್ತ ಮರಗಟ್ಟುವುದು, ಎರಡೂ ಕಾಲಿನ ಶಕ್ತಿ ಕುಗ್ಗುವುದು. ಇವು ಬೆನ್ನುಹುರಿಯ ಕೆಳಗಿನ ನರಗಳ ಗೊಂಚಲು ಒತ್ತಿಹೋಗಿರುವ ಲಕ್ಷಣ. ಇದರಲ್ಲಿ ಒಂದು ಕಂಡರೂ ಫಿಸಿಯೋ ಹತ್ತಿರ ಅಲ್ಲ, ಅದೇ ಗಂಟೆಯಲ್ಲಿ ತುರ್ತು ಚಿಕಿತ್ಸೆಗೆ ಹೋಗಬೇಕು. ನಾಳೆ ನೋಡೋಣ ಅನ್ನುವ ಮಾತೇ ಬೇಡ. ಜ್ವರದ ಜೊತೆ ಬರುವ ಬೆನ್ನು ನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದವರಿಗೆ ಹೊಸದಾಗಿ ಬಂದ ನೋವು, ಬಿದ್ದು ಅಥವಾ ಅಪಘಾತದಲ್ಲಿ ಬಂದ ನೋವು, ಮೂಳೆ ಟೊಳ್ಳಾಗಿರುವ ವಯಸ್ಸಾದವರಲ್ಲಿ ದಿಢೀರನೆ ಬಂದ ನೋವು, ಇವೂ ಮೊದಲು ಡಾಕ್ಟರ್ ಕಣ್ಣಿಗೆ ಬೀಳಬೇಕಾದವು. ಇನ್ನೊಂದು ಸುಲಭವಾಗಿ ಕೈತಪ್ಪಿ ಹೋಗುತ್ತದೆ. ವಯಸ್ಸು 45 ದಾಟುವ ಮೊದಲೇ ಶುರುವಾದ ನೋವು, ಬೆಳಿಗ್ಗೆ ಅರ್ಧ ಗಂಟೆಗಿಂತ ಜಾಸ್ತಿ ಹೊತ್ತು ಬಿಗಿತ, ಮಲಗಿದರೆ ಹೆಚ್ಚಾಗಿ ಓಡಾಡಿದರೆ ಕಡಿಮೆಯಾಗುವುದು, ರಾತ್ರಿ ಎರಡನೇ ಅರ್ಧದಲ್ಲಿ ನೋವಿಗೆ ಎಚ್ಚರವಾಗುವುದು. ಇದು ಉರಿಯೂತದ ಬೆನ್ನು ನೋವಾಗಿರಬಹುದು, ಅದಕ್ಕೆ ಸಂಧಿವಾತ ತಜ್ಞರು ಬೇಕು, ಬೇರೆಯೇ ಔಷಧಿ ಇದೆ.

ಎರಡನೇ ಗುಂಪು, ನರ ಕೆರಳಿ ಕಾಲಿಗೆ ಇಳಿಯುವ ನೋವು. ಇದನ್ನು ನೋಡಲು ಅಂಗಾತ ಮಲಗಿಸಿ ಕಾಲು ನೆಟ್ಟಗೆ ಎತ್ತುತ್ತಾರೆ, ಹಿಮ್ಮಡಿ ಮೇಲೆ ನಡೆಸುತ್ತಾರೆ, ತುದಿಗಾಲಲ್ಲಿ ನಡೆಸುತ್ತಾರೆ, ಮಂಡಿಗೆ ಸಣ್ಣ ಸುತ್ತಿಗೆಯಿಂದ ತಟ್ಟುತ್ತಾರೆ. ಇದೆಲ್ಲ ಐದು ನಿಮಿಷದ ಕೆಲಸ, ಆದರೆ ಯಾವ ನರ, ಎಷ್ಟರ ಮಟ್ಟಿಗೆ ಅನ್ನುವುದನ್ನು ಬಹಳ ಚೆನ್ನಾಗಿ ಹೇಳುತ್ತದೆ.

ಮೂರನೇ ಗುಂಪಿನಲ್ಲಿ ಉಳಿದವರೆಲ್ಲ. ಅಂದರೆ ನೂರಕ್ಕೆ ಸುಮಾರು 90 ಜನ. ಇವರ ನೋವು ಇಂಥ ಸ್ನಾಯುವಿನಿಂದಲೇ, ಇಂಥ ಕೀಲಿನಿಂದಲೇ, ಇಂಥ ಡಿಸ್ಕ್‌ನಿಂದಲೇ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಬಂದಿದೆ ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಹಾಗಂತ ನೋವು ಸುಳ್ಳು ಅಂತಲ್ಲ. ನೋವು ಪೂರ್ತಿ ನಿಜ, ಮೂಲ ಮಾತ್ರ ಒಂದೇ ಜಾಗದಲ್ಲಿ ಇಲ್ಲ. ಸಮಾಧಾನದ ವಿಷಯ ಏನೆಂದರೆ ಈ ಗುಂಪಿನವರಿಗೆ ಮೂಲ ಯಾವುದು ಅಂತ ಗೊತ್ತಾಗದೆಯೂ ಚಿಕಿತ್ಸೆ ಸಾಧ್ಯ.

ಎಂಆರ್‌ಐ ರಿಪೋರ್ಟ್ ಓದಿ ಹೆದರಬೇಡಿ

ಫಿಸಿಯೋ ಹತ್ತಿರ ಬರುವ ಹೊತ್ತಿಗೆ ಬಹಳ ಜನರ ಕೈಯಲ್ಲಿ ಆಗಲೇ ಸ್ಕ್ಯಾನಿಂಗ್ ರಿಪೋರ್ಟ್ ಇರುತ್ತದೆ. ಡಿಸ್ಕ್ ಸವೆದಿದೆ, ಉಬ್ಬಿದೆ, ಎಲ್4-ಎಲ್5ನಲ್ಲಿ, ಅಂದರೆ ಸೊಂಟದ ನಾಲ್ಕನೇ ಮತ್ತು ಐದನೇ ಮೂಳೆಯ ನಡುವೆ, ನರಕ್ಕೆ ತಾಗುತ್ತಿದೆ. ಓದಿದವರಿಗೆ ತಮ್ಮ ಬೆನ್ನೇ ಮುರಿದುಬೀಳುತ್ತದೇನೋ ಅನ್ನಿಸುತ್ತದೆ. 2015ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ, ಸೊಂಟ ನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳ ಲೆಕ್ಕ ನೋಡಿದರು. ನೋವಿಲ್ಲದ 20 ವರ್ಷದವರಲ್ಲೇ 37% ಜನರಿಗೆ ಡಿಸ್ಕ್ ಸವೆತ ಇತ್ತು. 50 ವರ್ಷದವರಲ್ಲಿ 80%. ಡಿಸ್ಕ್ ಉಬ್ಬುವುದು 20ರಲ್ಲಿ 30%, 50ರಲ್ಲಿ 60%. ನೆನಪಿರಲಿ, ಇವರೆಲ್ಲ ಯಾವ ನೋವೂ ಇಲ್ಲದೆ ಓಡಾಡಿಕೊಂಡಿದ್ದವರು.

ಆದ್ದರಿಂದ ರಿಪೋರ್ಟ್‌ನಲ್ಲಿ ಸವೆತ ಅಂತ ಇದ್ದ ಮಾತ್ರಕ್ಕೆ ಅದೇ ನೋವಿಗೆ ಕಾರಣ ಅಂತ ಹೇಳಲಾಗುವುದಿಲ್ಲ. ಮೇಲೆ ಹೇಳಿದ ಅಪಾಯದ ಲಕ್ಷಣಗಳಿದ್ದರೆ, ಕಾಲಿನ ಶಕ್ತಿ ಕುಗ್ಗುತ್ತಿದ್ದರೆ, ಆಪರೇಷನ್ ಬಗ್ಗೆ ಯೋಚನೆ ನಡೆದಿದ್ದರೆ ಸ್ಕ್ಯಾನ್ ಬೇಕೇ ಬೇಕು. ಸೊಂಟ ಹಿಡಿದುಕೊಂಡು ಒಂದು ವಾರ ಆಗಿದೆ, ಬೇರೆ ಏನೂ ಇಲ್ಲ ಅನ್ನುವವರಿಗೆ ಅದು ಸಹಾಯಕ್ಕಿಂತ ಭಯವನ್ನೇ ಜಾಸ್ತಿ ಕೊಡುತ್ತದೆ. ಆ ಭಯ ಎಷ್ಟು ಕಾಡುತ್ತದೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಸೊಂಟ ಹಿಡಿದುಕೊಂಡ ಮೊದಲ ವಾರ

ಏನೋ ಎತ್ತಲು ಹೋಗಿ, ಅಥವಾ ಸುಮ್ನೆ ಚಪ್ಪಲಿ ಹಾಕಿಕೊಳ್ಳಲು ಬಗ್ಗಿದಾಗ, ಸೊಂಟ ಕಚಕ್ ಅಂದು ಹಿಡಿದುಬಿಡುತ್ತದೆ. ಆಗ ಮನೆಯವರೆಲ್ಲ ಹೇಳುವುದು ‘ಅಲುಗಾಡಬೇಡ, ಮಲಗು’. ಹಳೆಯ ಕಾಲದಲ್ಲಿ ಡಾಕ್ಟರುಗಳೂ ಅದನ್ನೇ ಹೇಳುತ್ತಿದ್ದರು. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ನಡೆದ ಒಂದು ಪ್ರಯೋಗ ಪ್ರಕಟವಾಯಿತು. ಒಂದು ಗುಂಪಿಗೆ ಎರಡು ದಿನ ಹಾಸಿಗೆ ಬಿಟ್ಟು ಏಳಬೇಡಿ ಅಂದರು. ಇನ್ನೊಂದು ಗುಂಪಿಗೆ ಬೆನ್ನಿನ ವ್ಯಾಯಾಮ ಹೇಳಿಕೊಟ್ಟರು. ಮೂರನೇ ಗುಂಪಿಗೆ, ನೋವು ಬಿಟ್ಟಷ್ಟು ನಿಮ್ಮ ದಿನದ ಕೆಲಸ ಮಾಡಿಕೊಂಡಿರಿ ಅಂದರು, ಅಷ್ಟೇ. ಎಲ್ಲರಿಗಿಂತ ಬೇಗ ಚೇತರಿಸಿಕೊಂಡವರು ಮೂರನೇ ಗುಂಪಿನವರು. ಎಲ್ಲರಿಗಿಂತ ನಿಧಾನ, ಹಾಸಿಗೆ ಹಿಡಿದವರು.

ಇದರಲ್ಲಿ ಒಂದು ಸೂಕ್ಷ್ಮ ಇದೆ, ಜನ ಅದನ್ನು ಗಮನಿಸುವುದಿಲ್ಲ. ಮೂರು ವಾರದ ನಂತರ ನೋಡಿದಾಗ ವ್ಯಾಯಾಮದ ಗುಂಪಿಗಿಂತಲೂ ಮಾಮೂಲಿ ಓಡಾಟದ ಗುಂಪೇ ಚೆನ್ನಾಗಿತ್ತು. ಅಂದರೆ ಸೊಂಟ ಹಿಡಿದುಕೊಂಡ ಎರಡನೇ ದಿನವೇ ವ್ಯಾಯಾಮ ಶುರುಮಾಡಿಸುವುದು ಬೇಕಿಲ್ಲ. ಆಗ ಫಿಸಿಯೋ ಮಾಡಬೇಕಾದ ಕೆಲಸ ಧೈರ್ಯ ಹೇಳುವುದು, ನೋವು ಕಡಿಮೆಯಾಗುವ ಭಂಗಿ ಹುಡುಕಿಕೊಡುವುದು. ಕೆಲವರಿಗೆ ಅಂಗಾತ ಮಲಗಿ ಮೀನಖಂಡವನ್ನು ಕುರ್ಚಿಯ ಮೇಲೆ ಇಟ್ಟರೆ ಹಾಯೆನಿಸುತ್ತದೆ, ಕೆಲವರಿಗೆ ಮಗ್ಗುಲಾಗಿ ಮಲಗಿ ಮಂಡಿಗಳ ನಡುವೆ ದಿಂಬು ಇಟ್ಟರೆ. ಬಿಸಿನೀರಿನ ಚೀಲ ಇಡಬಹುದು. ಎರಡು ಗಂಟೆಗೊಮ್ಮೆ ಎದ್ದು ಐದು ನಿಮಿಷ ಮನೆಯೊಳಗೇ ನಡೆಯಿರಿ, ಮಂಡಿ ಮಡಚಿಕೊಂಡು ಮಲಗಿ ಆ ಕಡೆ ಈ ಕಡೆ ಮೆಲ್ಲಗೆ ತೂಗಾಡಿಸಿ. ಬಹುಪಾಲು ಜನರಿಗೆ ಆರು ವಾರದೊಳಗೆ ನೋವು ಸಾಕಷ್ಟು ಇಳಿದಿರುತ್ತದೆ.

ವ್ಯಾಯಾಮದ ಪಂಥಗಳು

ನೋವು ವಾರಗಳ ಮೇಲೆ ವಾರ ಎಳೆದರೆ, ಅಥವಾ ಹೋಗಿ ಹೋಗಿ ಮತ್ತೆ ಬರುತ್ತಿದ್ದರೆ, ಆಗ ವ್ಯಾಯಾಮವೇ ಚಿಕಿತ್ಸೆಯ ನಡುಗಂಬ. ಆದರೆ ಯಾವ ವ್ಯಾಯಾಮ? ಇಲ್ಲಿ ಫಿಸಿಯೋಥೆರಪಿ ಲೋಕದಲ್ಲೇ ಬೇರೆ ಬೇರೆ ಪಂಥಗಳಿವೆ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ ಅಂತ ರೋಗಿಗಳು ತಲೆ ಕೆಡಿಸಿಕೊಳ್ಳುವುದು ಇದರಿಂದಲೇ.

ಒಂದು, ಮೆಕೆಂಜಿ ವಿಧಾನ. ನ್ಯೂಜಿಲೆಂಡಿನ ವೆಲಿಂಗ್ಟನ್‌ನಲ್ಲಿ ರಾಬಿನ್ ಮೆಕೆಂಜಿ ಎಂಬ ಫಿಸಿಯೋಥೆರಪಿಸ್ಟ್ ಇದ್ದರು. 1956ರಲ್ಲಿ ಕಾಲಿಗೆ ಇಳಿಯುವ ನೋವಿದ್ದ ಒಬ್ಬ ರೋಗಿ, ತಲೆಯ ಕಡೆ ಎತ್ತರಿಸಿ ಬಿಟ್ಟಿದ್ದ ಮಂಚದ ಮೇಲೆ ಹಾಗೇ ಬೋರಲು ಮಲಗಿಬಿಟ್ಟರು. ಬೆನ್ನು ಹಿಂದಕ್ಕೆ ಬಾಗಿದ ಸ್ಥಿತಿ. ಆಗಿನ ಕಾಲದ ತಿಳಿವಳಿಕೆ ಪ್ರಕಾರ ನೋವು ಜಾಸ್ತಿ ಆಗಬೇಕಿತ್ತು, ಆದರೆ ಕಾಲಿನ ನೋವೇ ಹೋಗಿತ್ತು. ಅಲ್ಲಿಂದ ಅವರು ಒಂದು ಇಡೀ ಪದ್ಧತಿಯನ್ನೇ ಕಟ್ಟಿದರು. ಇದರ ತಿರುಳು ಇಷ್ಟು: ಒಂದೇ ಚಲನೆಯನ್ನು ಹತ್ತು ಹತ್ತು ಸಲ ಮಾಡಿಸಿ, ನೋವು ಎತ್ತ ಹೋಗುತ್ತದೆ ಅಂತ ನೋಡುವುದು. ಮೀನಖಂಡದಲ್ಲಿದ್ದ ನೋವು ತೊಡೆಗೆ, ತೊಡೆಯಿಂದ ಪೃಷ್ಠಕ್ಕೆ, ಅಲ್ಲಿಂದ ಸೊಂಟದ ನಡುವಿಗೆ ಏರಿ ಬಂದರೆ ಅದು ಶುಭಸೂಚನೆ, ಆ ಹೊತ್ತಿಗೆ ಸೊಂಟದಲ್ಲಿ ನೋವು ಸ್ವಲ್ಪ ಜಾಸ್ತಿ ಅನ್ನಿಸಿದರೂ ಪರವಾಗಿಲ್ಲ. ಉಲ್ಟಾ, ಸೊಂಟದ ನೋವು ಕಡಿಮೆಯಾಗಿ ಕಾಲಿಗೆ ಇಳಿಯುತ್ತಾ ಹೋದರೆ ಆ ಚಲನೆ ನಿಮಗಲ್ಲ, ನಿಲ್ಲಿಸಿ. ಬಹಳ ಜನರಿಗೆ ಹಿಂದಕ್ಕೆ ಬಾಗುವುದು ಹೊಂದುತ್ತದೆ: ಬೋರಲು ಮಲಗಿ, ಮೊಣಕೈ ಊರಿ, ಆಮೇಲೆ ಅಂಗೈ ಊರಿ ಎದೆ ಮೇಲೆತ್ತುವುದು. ಆದರೆ ಎಲ್ಲರಿಗೂ ಅಲ್ಲ. ಬೆನ್ನುಮೂಳೆಯ ಕಾಲುವೆ ಕಿರಿದಾಗಿರುವ ವಯಸ್ಸಾದವರಿಗೆ, ನಡೆದರೆ ಕಾಲು ಸೋತು ಮುಂದಕ್ಕೆ ಬಗ್ಗಿದರೆ ಅಥವಾ ಕೂತರೆ ಆರಾಮ ಅನ್ನಿಸುವವರಿಗೆ, ಮುಂದಕ್ಕೆ ಬಗ್ಗುವ ವ್ಯಾಯಾಮ ಮತ್ತು ಸೈಕಲ್ ಹೊಂದುತ್ತದೆ, ಹಿಂದಕ್ಕೆ ಬಾಗುವುದು ಕಷ್ಟ ಕೊಡುತ್ತದೆ.

ಎರಡನೆಯದು ಒಳಹೊಟ್ಟೆಯ ಸ್ನಾಯುಗಳ ಪಂಥ. 1990ರ ದಶಕದಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ವಿಷಯ ಕಂಡುಕೊಂಡರು. ನಾವು ಕೈ ಎತ್ತುವ ಮೊದಲೇ ಹೊಟ್ಟೆಯ ತೀರಾ ಒಳಗಿನ ಸ್ನಾಯು ಬಿಗಿಯಾಗುತ್ತದೆ, ಸೊಂಟ ನೋವಿರುವವರಲ್ಲಿ ಅದು ತಡವಾಗಿ ಬಿಗಿಯಾಗುತ್ತದೆ. ಸರಿ, ಆ ಸ್ನಾಯುವನ್ನೇ ಹಿಡಿದು ತರಬೇತಿ ಕೊಡೋಣ ಅಂತ ಹೊಕ್ಕಳು ಒಳಗೆಳೆದುಕೊಳ್ಳುವ ವ್ಯಾಯಾಮಗಳು ಹುಟ್ಟಿಕೊಂಡವು. ಹೊಟ್ಟೆ, ಸೊಂಟದ ಸುತ್ತಲಿನ ಸ್ನಾಯುಗಳಿಗೆ ಹೇಳುವ ಕೋರ್ ಅನ್ನುವ ಮಾತು ಜಗತ್ತೆಲ್ಲ ಹಬ್ಬಿದ್ದರಲ್ಲಿ ಈ ಸಂಶೋಧನೆಯ ಪಾಲು ದೊಡ್ಡದು. ಆಮೇಲಿನ ಪ್ರಯೋಗಗಳಲ್ಲಿ ಕಂಡದ್ದು, ಇದರಿಂದ ಪ್ರಯೋಜನ ಇದೆ, ಆದರೆ ಬೇರೆ ವ್ಯಾಯಾಮಗಳಿಗಿಂತ ಹೆಚ್ಚಲ್ಲ. ಇನ್ನೊಂದು ತೊಂದರೆಯೂ ಇದೆ. ಕೆಲವರು ಇದನ್ನು ಕಲಿತು ದಿನವಿಡೀ ಹೊಟ್ಟೆ ಬಿಗಿಹಿಡಿದುಕೊಂಡೇ ಓಡಾಡುತ್ತಾರೆ. ಈಗಾಗಲೇ ಬಿಗಿಯಾಗಿರುವ ಸೊಂಟಕ್ಕೆ ಅದು ಇನ್ನಷ್ಟು ಭಾರ. ಉಸಿರು ಸಲೀಸಾಗಿ ಆಡಬೇಕು, ಬಗ್ಗುವಾಗ ಬೆನ್ನು ಬಗ್ಗಬೇಕು.

ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಸ್ಟುವರ್ಟ್ ಮೆಕ್‌ಗಿಲ್ ಜನಪ್ರಿಯ ಮಾಡಿದ ಮೂರು ವ್ಯಾಯಾಮಗಳೂ ಬಹಳ ಬಳಕೆಯಲ್ಲಿವೆ. ಅಂಗಾತ ಮಲಗಿ ಸೊಂಟದ ಕೆಳಗೆ ಕೈ ಇಟ್ಟು ತಲೆ ಮತ್ತು ಭುಜ ಮಾತ್ರ ಸ್ವಲ್ಪ ಎತ್ತುವುದು, ಮಗ್ಗುಲಲ್ಲಿ ಮೊಣಕೈ ಊರಿ ಸೊಂಟ ಎತ್ತಿ ನಿಲ್ಲಿಸುವುದು, ಅಂಬೆಗಾಲಿನ ಭಂಗಿಯಲ್ಲಿ ಎದುರುಬದುರಿನ ಕೈ ಕಾಲು ಚಾಚುವುದು. ಬೆನ್ನಿನ ಮೇಲೆ ಕಡಿಮೆ ಒತ್ತಡ ಹಾಕಿ ಸ್ನಾಯುಗಳಿಗೆ ಕೆಲಸ ಕೊಡುವುದು ಇವುಗಳ ಉದ್ದೇಶ. ಶುರುಮಾಡಲು ಚೆನ್ನಾಗಿವೆ. ಆದರೆ ವರ್ಷಗಟ್ಟಲೆ ಇದಷ್ಟನ್ನೇ ಮಾಡುತ್ತಾ ಕೂತರೆ ಸಾಲದು, ಯಾಕಂದ್ರೆ ಜೀವನದಲ್ಲಿ ನಾವು ಎತ್ತಬೇಕಾದ ಭಾರ ಅದಕ್ಕಿಂತ ಎಷ್ಟೋ ಜಾಸ್ತಿ.

ಹಾಗಾದರೆ ಯಾರು ಸರಿ? 2021ರಲ್ಲಿ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ ದೀರ್ಘಕಾಲದ ಸೊಂಟ ನೋವಿಗೆ ವ್ಯಾಯಾಮದ ಬಗ್ಗೆ 249 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿತು. ಏನೂ ಮಾಡದೆ ಇರುವುದಕ್ಕಿಂತ ವ್ಯಾಯಾಮ ನೋವನ್ನು ಕಡಿಮೆ ಮಾಡುತ್ತದೆ, ಕೆಲಸ ಮಾಡುವ ಶಕ್ತಿಯನ್ನೂ ತುಸು ಹೆಚ್ಚಿಸುತ್ತದೆ. ಪಿಲಾಟೆಸ್, ಮೆಕೆಂಜಿ, ಯೋಗ, ಭಾರ ಎತ್ತುವ ತರಬೇತಿ, ಇವುಗಳ ನಡುವಿನ ಅಂತರ ಮಾತ್ರ ದೊಡ್ಡದಲ್ಲ. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ. ಒಂದೇ ಒಂದು ಸರಿಯಾದ ವ್ಯಾಯಾಮ ಎಲ್ಲೋ ಅಡಗಿದೆ, ಅದು ಸಿಗದಿದ್ದರೆ ವಾಸಿಯಾಗಲ್ಲ ಅನ್ನುವ ಒತ್ತಡ ಬೇಡ. ನಿಮಗೆ ಇಷ್ಟವಾಗಿ ಆರು ತಿಂಗಳು ಬಿಡದೆ ಮಾಡುವಂಥದ್ದೇ ನಿಮಗೆ ಸರಿಯಾದದ್ದು.

ಎಷ್ಟು ಮಾಡಬೇಕು ಅನ್ನುವುದೇ ನಿಜವಾದ ಕೌಶಲ

ವ್ಯಾಯಾಮದ ಚಿತ್ರ ಇರುವ ಒಂದು ಹಾಳೆ ಕೊಟ್ಟು ಕಳಿಸುವುದು ಯಾರಿಗೂ ಬರುತ್ತದೆ. ಫಿಸಿಯೋಥೆರಪಿಸ್ಟ್‌ನ ನೈಪುಣ್ಯ ಇರುವುದು ಪ್ರಮಾಣದಲ್ಲಿ. ನೋವಿಗೆ 0ಯಿಂದ 10ರವರೆಗೆ ಅಂಕ ಕೊಡಿ ಅಂತ ಕೇಳುತ್ತಾರೆ ಅಲ್ವಾ, ಅದನ್ನು ಮನೆಯಲ್ಲೂ ಬಳಸಬಹುದು. ವ್ಯಾಯಾಮ ಮಾಡುವಾಗ ನೋವು 3 ಅಥವಾ 4ರವರೆಗೆ ಹೋದರೆ ತೊಂದರೆ ಇಲ್ಲ, ಮಾರನೇ ದಿನ ಬೆಳಿಗ್ಗೆ ಅದು ಮಾಮೂಲಿ ಮಟ್ಟಕ್ಕೆ ಇಳಿದಿರಬೇಕು, ಅಷ್ಟೇ. ಇಳಿದಿದ್ದರೆ ಅದೇ ಪ್ರಮಾಣದಲ್ಲಿ ಮುಂದುವರಿಸಿ, ಕೆಲವು ದಿನ ಬಿಟ್ಟು ಸ್ವಲ್ಪ ಹೆಚ್ಚಿಸಿ. ಇಳಿಯದೆ ಜಾಸ್ತಿಯಾಗಿದ್ದರೆ ಸಂಖ್ಯೆ ಅಥವಾ ಭಾರ ಕಡಿಮೆ ಮಾಡಿ. ವ್ಯಾಯಾಮವನ್ನೇ ಕೈಬಿಡಬೇಡಿ.

ಒಂದು ಉದಾಹರಣೆ ನೋಡೋಣ. ಅಂಗಾತ ಮಲಗಿ, ಮಂಡಿ ಮಡಚಿ, ಪಾದ ನೆಲಕ್ಕೆ ಊರಿ ಸೊಂಟ ಮೇಲೆತ್ತುವ ಸೇತುವೆ ವ್ಯಾಯಾಮ. ಮೊದಲ ವಾರ ಎಂಟೋ ಹತ್ತೋ ಸಲ. ಸಲೀಸಾದ ಮೇಲೆ ಮೇಲೆತ್ತಿ ಐದು ಸೆಕೆಂಡ್ ನಿಲ್ಲಿಸುವುದು. ಆಮೇಲೆ ಒಂದೇ ಕಾಲಿನ ಮೇಲೆ. ಆಮೇಲೆ ಎದ್ದು ನಿಂತು, ಬೆನ್ನಿಗೆ ಒಂದು ಕೋಲು ಹಿಡಿದುಕೊಂಡು ತೊಡೆಯ ಕೀಲಿನಿಂದ ಮುಂದಕ್ಕೆ ಬಗ್ಗುವುದನ್ನು ಕಲಿಯುವುದು. ಕೋಲಿನ ಜಾಗದಲ್ಲಿ ಕೈಗೆ ಒಂದು ಚೀಲ ಬರುತ್ತದೆ, ಚೀಲದಲ್ಲಿ ಎರಡು ಕಿಲೋ, ನಾಲ್ಕು ಕಿಲೋ, ಹೀಗೆ. ಮೂರು ತಿಂಗಳಲ್ಲಿ ನೆಲದಿಂದ ಪೆಟ್ಟಿಗೆ ಎತ್ತುವ ತಾಯಿ, ತಂದೆ, ಕೂಲಿ ಕೆಲಸದವರು ಎಲ್ಲರೂ ತಮ್ಮ ತಮ್ಮ ಭಾರಕ್ಕೆ ತಲುಪಬಹುದು. ಸ್ನಾಯುಗಳಿಗೆ ಶಕ್ತಿ ಬರಲು ಆರರಿಂದ ಹನ್ನೆರಡು ವಾರ ಬೇಕು. ಹತ್ತು ದಿನದ ಪ್ಯಾಕೇಜ್ ಸಾಲದು ಅಂತ ಹೇಳುವುದು ಇದಕ್ಕೇ.

ಇನ್ನು ಬೆನ್ನು ನೆಟ್ಟಗೆ ಇಟ್ಟುಕೊಂಡೇ ಎತ್ತಬೇಕು, ಇಲ್ಲದಿದ್ದರೆ ಡಿಸ್ಕ್ ಹೋಗುತ್ತದೆ ಅನ್ನುವ ಮಾತು. ಎತ್ತುವ ರೀತಿಯನ್ನು ಕಲಿಸಿದ ಮಾತ್ರಕ್ಕೆ ಸೊಂಟ ನೋವು ತಪ್ಪುವುದಿಲ್ಲ ಅಂತ ಪ್ರಯೋಗಗಳು ಮತ್ತೆ ಮತ್ತೆ ತೋರಿಸಿವೆ. ತೀರಾ ಭಾರದ ವಸ್ತು ಎತ್ತುವಾಗ ಮೈಗೆ ಹತ್ತಿರ ಹಿಡಿದು, ಕಾಲಿನ ಬಲ ಬಳಸುವುದು ಒಳ್ಳೆಯದೇ. ಆದರೆ ನೆಲದ ಮೇಲೆ ಬಿದ್ದ ಪೆನ್ನು ಎತ್ತಲೂ ಹೆದರಿ ಕುಕ್ಕರಗಾಲಲ್ಲಿ ಕೂರುವುದು ಬೇಡ. ಕೂರುವ ಭಂಗಿಯದ್ದೂ ಇದೇ ಕಥೆ. ಒಂದು ಆದರ್ಶ ಭಂಗಿ ಅಂತ ಇಲ್ಲ, ಆಗಾಗ ಬದಲಾಯಿಸುತ್ತಿದ್ದರೆ ಸಾಕು.

ಕಾಲಿಗೆ ಇಳಿಯುವ ನೋವು

ಸಿಯಾಟಿಕಾ ಅಂತ ಕರೆಯುವ ಈ ನೋವು ಬಂದವರ ಕಷ್ಟ ಬೇರೆಯೇ. ವಿದ್ಯುತ್ ಹರಿದ ಹಾಗೆ ಮಂಡಿ ದಾಟಿ ಪಾದದವರೆಗೆ ಇಳಿಯುತ್ತದೆ, ಜೋಮು ಹಿಡಿಯುತ್ತದೆ, ಕೆಮ್ಮಿದರೂ ಸೀನಿದರೂ ಚುಚ್ಚುತ್ತದೆ. ಡಿಸ್ಕ್‌ನ ಹೊರಪದರ ಸೀಳಿ ಒಳಗಿನ ಮೆತ್ತನೆ ಭಾಗ ಹೊರಬಂದು ನರವನ್ನು ಒತ್ತುವುದು, ಜೊತೆಗೆ ಕೆರಳಿಸುವುದು ಇದರ ಸಾಮಾನ್ಯ ಕಾರಣ. ಹೊರಗೆ ಬಂದದ್ದು ಅಲ್ಲೇ ಇರುತ್ತದೆ, ಆಪರೇಷನ್ ಮಾಡಿ ತೆಗೆಯದೆ ಗತಿಯಿಲ್ಲ ಅಂತ ಬಹಳ ಜನ ನಂಬಿದ್ದಾರೆ. ಹಾಗಲ್ಲ. ದೇಹದ ರಕ್ಷಣಾ ಕೋಶಗಳೇ ಆ ತುಂಡನ್ನು ಮೆಲ್ಲಮೆಲ್ಲಗೆ ಕರಗಿಸುತ್ತವೆ. ಆಶ್ಚರ್ಯ ಏನೆಂದರೆ ದೊಡ್ಡದಾಗಿ ಹೊರಬಂದು ಬೇರ್ಪಟ್ಟ ತುಂಡುಗಳೇ ಜಾಸ್ತಿ ಕರಗುತ್ತವೆ, ಸಣ್ಣ ಉಬ್ಬುಗಳು ಕಡಿಮೆ.

ಹಾಗಾಗಿ ಈ ನೋವಿನಲ್ಲಿ ಫಿಸಿಯೋ ಕೆಲಸ ಎಂದರೆ ದೇಹಕ್ಕೆ ಸಮಯ ಕೊಡುವುದು, ಆ ಸಮಯದಲ್ಲಿ ಮನುಷ್ಯ ಕುಸಿದುಹೋಗದಂತೆ ನೋಡಿಕೊಳ್ಳುವುದು. ನರವನ್ನು ಹಿಂದೆ ಮುಂದೆ ಜಾರಿಸುವ ಹಗುರ ವ್ಯಾಯಾಮ ಕೊಡುತ್ತಾರೆ: ಕೂತು, ಮಂಡಿ ನೆಟ್ಟಗೆ ಮಾಡುವಾಗ ತಲೆ ಎತ್ತುವುದು, ಮಂಡಿ ಮಡಚುವಾಗ ತಲೆ ತಗ್ಗಿಸುವುದು. ನರವನ್ನು ಎಳೆಯಬಾರದು. ತೊಡೆಯ ಹಿಂಭಾಗ ಬಿಗಿಯಾಗಿದೆ ಅಂತ ಕಾಲು ಮೇಲೆತ್ತಿ ಜೋರಾಗಿ ಹಿಗ್ಗಿಸುವವರನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ, ಅಲ್ಲಿ ಬಿಗಿಯಾಗಿರುವುದು ಸ್ನಾಯುವಲ್ಲ, ಕೆರಳಿದ ನರ. ಪಾದ ಮೇಲೆತ್ತಲು ಆಗದೆ ನೆಲಕ್ಕೆ ಎಳೆಯುತ್ತಿದ್ದರೆ, ಶಕ್ತಿ ದಿನದಿಂದ ದಿನಕ್ಕೆ ಕುಗ್ಗುತ್ತಿದ್ದರೆ ಕಾಯಬೇಡಿ, ಶಸ್ತ್ರಚಿಕಿತ್ಸಕರನ್ನು ನೋಡಿ.

ಕೈ ಮತ್ತು ಮೆಷಿನ್

ಮಸಾಜ್, ಕೀಲನ್ನು ಕೈಯಿಂದ ಅಲುಗಾಡಿಸುವುದು, ಲಟಕ್ ಅನ್ನುವಂತೆ ತಿರುವುವುದು, ಇವೆಲ್ಲ ಕೆಲವು ಗಂಟೆಯೋ ದಿನವೋ ನೋವು ತಗ್ಗಿಸುತ್ತವೆ. ಆ ಲಟಕ್ ಸದ್ದು ಬರುವುದು ಕೀಲಿನ ದ್ರವದಲ್ಲಿ ಗಾಳಿಗುಳ್ಳೆ ಉಂಟಾಗುವುದರಿಂದ. ಜಾಗ ತಪ್ಪಿದ ಮೂಳೆ ಸರಿಯಾಗಿ ಕೂತಿತು ಅಂತೇನಿಲ್ಲ, ಯಾಕಂದ್ರೆ ಮೂಳೆ ಜಾಗ ತಪ್ಪಿರಲೇ ಇಲ್ಲ. ಆದರೂ ಆ ತಗ್ಗಿದ ನೋವಿನ ಹೊತ್ತನ್ನು ವ್ಯಾಯಾಮಕ್ಕೆ ಬಳಸಿಕೊಂಡರೆ ಅದು ಸಾರ್ಥಕ. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ 2016ರಲ್ಲಿ ಹೇಳಿದ್ದೂ ಇದನ್ನೇ: ಕೈ ಚಿಕಿತ್ಸೆ ಕೊಡುವುದಾದರೆ ವ್ಯಾಯಾಮದ ಜೊತೆ ಕೊಡಿ, ಅದಷ್ಟನ್ನೇ ಬೇಡ.

ಮೆಷಿನ್‌ಗಳ ವಿಷಯ ಬೇಗ ಮುಗಿಸಬಹುದು. ಸೊಂಟ ಎಳೆಯುವ ಟ್ರಾಕ್ಷನ್, ಶಬ್ದತರಂಗ ಹಾಯಿಸುವ ಅಲ್ಟ್ರಾಸೌಂಡ್ ಚಿಕಿತ್ಸೆ (ಸ್ಕ್ಯಾನ್ ಅಲ್ಲ), ಟೆನ್ಸ್ ಅನ್ನುವ ಕರೆಂಟ್, ಸೊಂಟದ ಬೆಲ್ಟ್, ಇವನ್ನು ನೈಸ್ ಕೊಡಬೇಡಿ ಅಂದಿತು. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ದೀರ್ಘಕಾಲದ ಸೊಂಟ ನೋವಿಗೆ ಮಾರ್ಗಸೂಚಿ ಹೊರಡಿಸಿದಾಗಲೂ ಈ ನಾಲ್ಕರ ವಿರುದ್ಧವೇ ಹೇಳಿತು. ಅದು ಮುಂದಿಟ್ಟದ್ದು ತಿಳಿವಳಿಕೆ, ವ್ಯಾಯಾಮ, ಮಸಾಜ್‌ನಂಥ ಕೆಲವು ಕೈ ಚಿಕಿತ್ಸೆ, ಮನಸ್ಸಿನ ಚಿಕಿತ್ಸೆ. ಸೂಜಿ ಚಿಕಿತ್ಸೆಯ (ಅಕ್ಯುಪಂಕ್ಚರ್) ವಿಷಯದಲ್ಲಿ ಮಾತ್ರ ಇಬ್ಬರಿಗೂ ಒಮ್ಮತ ಇಲ್ಲ, ನೈಸ್ ಬೇಡ ಅಂದರೆ ವಿಶ್ವ ಆರೋಗ್ಯ ಸಂಸ್ಥೆ ಕೊಡಬಹುದು ಅನ್ನುತ್ತದೆ. ಶಾಖ ಹಾಯೆನಿಸುತ್ತದೆ, ಮನೆಯಲ್ಲೇ ಇಟ್ಟುಕೊಳ್ಳಿ. ಆದರೆ ಮೂರು ಸಲ ಹೋದರೂ ನಿಮ್ಮನ್ನು ಎದ್ದು ನಿಲ್ಲಿಸಿ ಏನೂ ಮಾಡಿಸದೆ ಬರೀ ಪ್ಯಾಡ್ ಅಂಟಿಸಿ ಕಳಿಸುತ್ತಿದ್ದರೆ, ಕೇಳಿ: ನಾನು ಮನೆಯಲ್ಲಿ ಏನು ಮಾಡಬೇಕು, ನಾಲ್ಕು ವಾರದ ನಂತರ ನಾನು ಯಾವ ಕೆಲಸ ಮಾಡುವಂತಾಗಬೇಕು? ಉತ್ತರ ಬರದಿದ್ದರೆ ಬೇರೆಯವರನ್ನು ಹುಡುಕಿ.

ಭಯದ ಪಾಲು

ಮೂರು ತಿಂಗಳು ದಾಟಿದ ನೋವಿನಲ್ಲಿ ಮೊದಲಿನ ಗಾಯ ಬಹುತೇಕ ಮಾಸಿರುತ್ತದೆ, ನೋವು ಮಾತ್ರ ಉಳಿದಿರುತ್ತದೆ. ಕಣ್ಣಿಗೆ ಧೂಳು ಬಿದ್ದ ಮೇಲೆ ಮಾಮೂಲಿ ಬೆಳಕೂ ಚುಚ್ಚುತ್ತದೆ ಅಲ್ವಾ? ಬೆಳಕು ಕಣ್ಣನ್ನು ಹಾಳು ಮಾಡುತ್ತಿಲ್ಲ, ಕಣ್ಣು ಸೂಕ್ಷ್ಮವಾಗಿದೆ. ಸೊಂಟದ ನರವ್ಯವಸ್ಥೆಯೂ ಹಾಗೇ ಸೂಕ್ಷ್ಮವಾಗಿಬಿಡುತ್ತದೆ, ಸಣ್ಣ ಬಗ್ಗುವಿಕೆಗೂ ದೊಡ್ಡ ನೋವು ಕೊಡುತ್ತದೆ. ನಿದ್ದೆಗೆಟ್ಟರೆ, ಮನಸ್ಸಿಗೆ ಚಿಂತೆ ಹತ್ತಿದರೆ ಇನ್ನೂ ಜಾಸ್ತಿ. ನೋವಿಗೆ ಹೆದರಿ ಬಗ್ಗುವುದನ್ನು ಬಿಡುತ್ತೇವೆ, ಬಿಟ್ಟಷ್ಟೂ ಸ್ನಾಯು ಸೊರಗುತ್ತದೆ, ಸೊರಗಿದಷ್ಟೂ ಸಣ್ಣ ಕೆಲಸಕ್ಕೂ ನೋವು, ಆ ನೋವು ಮತ್ತೆ ಭಯ ಹುಟ್ಟಿಸುತ್ತದೆ. ಮೊದಲು ಹೇಳಿದ ಎಂಆರ್‌ಐ ರಿಪೋರ್ಟ್ ಈ ಸುತ್ತಿಗೆ ತಳ್ಳುವ ಮೊದಲ ಕೈ ಆಗುವುದು ಹೀಗೆ.

ಇದನ್ನು ಗುರುತಿಸಲು ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದವರು ಒಂಬತ್ತೇ ಪ್ರಶ್ನೆಗಳ ಒಂದು ಪಟ್ಟಿ ಮಾಡಿದರು, ಸ್ಟಾರ್ಟ್ ಬ್ಯಾಕ್ ಅಂತ ಅದರ ಹೆಸರು. ಉತ್ತರ ನೋಡಿ ರೋಗಿಗಳನ್ನು ಮೂರು ಭಾಗ ಮಾಡುತ್ತಾರೆ. ಕಡಿಮೆ ಅಪಾಯದವರಿಗೆ ಧೈರ್ಯ ಮತ್ತು ಸಲಹೆ ಸಾಕು, ಮಧ್ಯದವರಿಗೆ ಫಿಸಿಯೋ, ಹೆಚ್ಚಿನ ಅಪಾಯದವರಿಗೆ ಫಿಸಿಯೋ ಜೊತೆ ಭಯ ಮತ್ತು ಚಿಂತೆಯ ಮೇಲೂ ಕೆಲಸ. 2011ರ ಅವರ ಪ್ರಯೋಗದಲ್ಲಿ ಹೀಗೆ ವಿಂಗಡಿಸಿ ಕೊಟ್ಟ ಚಿಕಿತ್ಸೆ ಎಲ್ಲರಿಗೂ ಮಾಮೂಲಿ ಪದ್ಧತಿಯಲ್ಲಿ ಕೊಟ್ಟದ್ದಕ್ಕಿಂತ ಚೆನ್ನಾಗಿ ಫಲ ಕೊಟ್ಟಿತು. ಆಸ್ಟ್ರೇಲಿಯಾದಲ್ಲಿ 492 ಜನರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ ಇದಕ್ಕಿಂತ ಮುಂದೆ ಹೋಯಿತು. ಅಲ್ಲಿ ಫಿಸಿಯೋಥೆರಪಿಸ್ಟ್, ರೋಗಿ ಯಾವ ಚಲನೆಗೆ ಹೆದರುತ್ತಾರೋ ಅದನ್ನೇ ಅವರೆದುರು ಮೆಲ್ಲಗೆ, ಉಸಿರು ಬಿಟ್ಟು, ಮೈ ಸಡಿಲಿಸಿ ಮಾಡಿಸುತ್ತಾರೆ. ಬಗ್ಗಿದರೂ ಏನೂ ಆಗಲಿಲ್ಲ ಅಂತ ಮೈಗೇ ಗೊತ್ತಾಗಬೇಕು, ಬರೀ ಮಾತಿನಲ್ಲಿ ಹೇಳಿದರೆ ಸಾಲದು. ಒಂದು ವರ್ಷದ ನಂತರವೂ ಅದರ ಲಾಭ ಉಳಿದಿತ್ತು.

ಮತ್ತೆ ಬಂದರೆ

ಮತ್ತೆ ಬರುವ ಸಾಧ್ಯತೆ ಇದೆ, ಇದನ್ನು ಮುಚ್ಚಿಡಬಾರದು. ವಾಸಿಯಾದವರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಜನರಿಗೆ ಒಂದು ವರ್ಷದೊಳಗೆ ಇನ್ನೊಮ್ಮೆ ಬರುತ್ತದೆ. ಅದನ್ನು ಮುಂದೂಡಲು ನಡಿಗೆಯಿಂದ ಆಗುತ್ತದಾ ಅಂತ ಆಸ್ಟ್ರೇಲಿಯಾದಲ್ಲಿ 701 ಜನರನ್ನು ಸೇರಿಸಿಕೊಂಡು ನೋಡಿದರು, ಫಲಿತಾಂಶ 2024ರಲ್ಲಿ ಬಂತು. ಎಲ್ಲರೂ ಆಗಷ್ಟೇ ಸೊಂಟ ನೋವಿನಿಂದ ಚೇತರಿಸಿಕೊಂಡವರು. ಒಂದು ಗುಂಪಿಗೆ ಫಿಸಿಯೋಥೆರಪಿಸ್ಟ್ ಸಲಹೆಯಲ್ಲಿ ಅವರವರ ಶಕ್ತಿಗೆ ತಕ್ಕ ನಡಿಗೆ, ಆರು ತಿಂಗಳಲ್ಲಿ ವಾರಕ್ಕೆ ಐದು ದಿನ 30 ನಿಮಿಷಕ್ಕೆ ತಲುಪುವ ಗುರಿ. ಇನ್ನೊಂದು ಗುಂಪಿಗೆ ಏನೂ ಇಲ್ಲ. ನೋವು ಮರಳುವವರೆಗಿನ ಅವಧಿ ನಡೆಯದವರಲ್ಲಿ ಮಧ್ಯಮ ಲೆಕ್ಕದಲ್ಲಿ 112 ದಿನ, ನಡೆದವರಲ್ಲಿ 208 ದಿನ.

ಬಂದೇ ಬಿಟ್ಟಿತು ಅಂತಿಟ್ಟುಕೊಳ್ಳಿ. ಮೊದಲು ಅಪಾಯದ ಲಕ್ಷಣ ಇದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ ಎರಡು ಮೂರು ದಿನ ಎತ್ತುವ ಭಾರ ಅರ್ಧಕ್ಕೆ ಇಳಿಸಿ, ನಡಿಗೆಯನ್ನು ಸಣ್ಣ ಸಣ್ಣ ತುಂಡು ಮಾಡಿ, ಕಳೆದ ಸಲ ಯಾವ ಚಲನೆ ಆರಾಮ ಕೊಟ್ಟಿತ್ತೋ ಅದನ್ನು ದಿನಕ್ಕೆ ನಾಲ್ಕೈದು ಬಾರಿ ಮಾಡಿ. ಪೂರ್ತಿ ನಿಲ್ಲಿಸಬೇಡಿ. ನೋವು 3ಕ್ಕೆ ಇಳಿದ ಮೇಲೆ ಬಿಟ್ಟಲ್ಲಿಂದ ಅಲ್ಲ, ಅದಕ್ಕಿಂತ ಎರಡು ಹೆಜ್ಜೆ ಹಿಂದಿನಿಂದ ಶುರುಮಾಡಿ, ಒಂದೆರಡು ವಾರದಲ್ಲಿ ಹಳೆಯ ಪ್ರಮಾಣಕ್ಕೆ ಮರಳಿ.